ಪಂಪ್‌ನಲ್ಲಿ 20 ಮಿಲಿ ಬಂದರೆ ಹಾಲು ಕಡಿಮೆ ಅಂತಲ್ಲ

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ತಿಂಗಳು ತುಂಬಿದೆ. ಇಲ್ಲಿವರೆಗೆ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. ಇನ್ನು ಐದು ವಾರಕ್ಕೆ ರಜೆ ಮುಗಿಯುತ್ತದೆ. ಮನೆ ನೆಲಮಂಗಲದಲ್ಲಿ, ಕೆಲಸ ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ. ಬೆಳಗ್ಗೆ ಎಂಟೂವರೆಗೆ ಹೊರಟರೆ ಮನೆ ಸೇರುವುದು ಸಂಜೆ ಆರೂವರೆಗೆ. ನಾದಿನಿ ತಾನು ಬಳಸಿದ ಎಲೆಕ್ಟ್ರಿಕ್ ಪಂಪ್ ಕೊಟ್ಟಿದ್ದಾರೆ. ಮೊನ್ನೆ ಅರ್ಧ ಗಂಟೆ ಕೂತು ಪಂಪ್ ಮಾಡಿದೆ, ಬಂದದ್ದು 20 ಮಿಲಿ. ಅಳುವೇ ಬಂತು. ಅತ್ತೆ, "ಗಾಳಿ ಸೋಕಿದ ಹಾಲು ಮಗುವಿಗೆ ಆಗಲ್ಲ, ಕೊಡಲೇಬೇಕು ಅಂದ್ರೆ ಕಾಯಿಸಿ ಕೊಡೋಣ" ಅನ್ನುತ್ತಾರೆ. ನಮ್ಮದು ಸಿಂಗಲ್ ಡೋರ್ ಫ್ರಿಜ್, ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತದೆ. ಎಷ್ಟು ಹಾಲು ತೆಗೆದಿಡಬೇಕು, ಹೇಗೆ ಇಡಬೇಕು? ಇಷ್ಟೆಲ್ಲ ಕಷ್ಟದ ಬದಲು ಪೌಡರ್ ಹಾಲಿಗೆ ಹೋಗುವುದೇ ಒಳ್ಳೆಯದಾ?

ಉತ್ತರ: ಮೊದಲು ಆ 20 ಮಿಲಿ ವಿಷಯ ಮುಗಿಸೋಣ. ನಿಮ್ಮ ಪತ್ರದಲ್ಲಿ ನನಗೆ ಬೇಜಾರಾದದ್ದು ಆ ಒಂದೇ ಸಾಲು, ಅಳು ಬಂತು ಅನ್ನುವುದು. ಬಾಣಂತಿಯರಿಗೆ ಹಾಲು ಕುಡಿಸುವುದರ ಬಗ್ಗೆ ಸಲಹೆ ಕೊಡುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಮೊದಲ ಸಲ ಪಂಪ್ ಹಿಡಿದು ಬಾಟಲಿಯ ತಳ ನೋಡಿ ಕಣ್ಣಲ್ಲಿ ನೀರು ತಂದುಕೊಳ್ಳದ ತಾಯಂದಿರು ಕಡಿಮೆ.

ನಿಮ್ಮ ಮಗ ದಿನವಿಡೀ ನೇರವಾಗಿ ಎದೆಯಿಂದ ಕುಡಿಯುತ್ತಿದ್ದಾನೆ. ನೀವು ಪಂಪ್ ಇಟ್ಟದ್ದು ಅವನು ಕುಡಿದು ಬಿಟ್ಟ ಮೇಲೆ ಉಳಿದದ್ದಕ್ಕೆ. ಹೀಗೆ ಎರಡು ಹಾಲೂಡಿಕೆಯ ನಡುವೆ ತೆಗೆದಾಗ ಎರಡೂ ಕಡೆ ಸೇರಿ 15ರಿಂದ 60 ಮಿಲಿ ಬರುವುದು ತೀರಾ ಸಾಮಾನ್ಯ. ಆ 20 ಮಿಲಿ ಅವನ ಊಟ ಆದಮೇಲೆ ಸಿಕ್ಕ ಜಾಸ್ತಿ ಹಾಲು. ನಿಮ್ಮಲ್ಲಿ ಹಾಲು ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಹಾಲು ಸಾಲುತ್ತಿದೆಯಾ ಅಂತ ತಿಳಿಯಲು ಮಗುವನ್ನೇ ನೋಡಬೇಕು. ತೂಕ ಸರಿಯಾಗಿ ಏರುತ್ತಿದೆಯಾ? ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಾನಾ? ಎಚ್ಚರವಿದ್ದಾಗ ಚುರುಕಾಗಿದ್ದಾನಾ? ಮೂರಕ್ಕೂ ಹೌದು ಅಂದರೆ ಹಾಲಿಗೆ ಏನೂ ಕೊರತೆಯಿಲ್ಲ.

ಇನ್ನೊಂದು ಅನುಮಾನ ನನಗಿದೆ. ಪಂಪ್ ನಾದಿನಿಯದು ಅಂದಿರಿ. ಅದನ್ನು ಬಿಚ್ಚಿ ನೋಡಿ. ಬಾಟಲಿಯ ಮೇಲ್ಭಾಗದಲ್ಲಿ ಬಾತುಕೋಳಿಯ ಕೊಕ್ಕಿನ ಹಾಗೆ ಒಂದು ಪುಟ್ಟ ಬಿಳಿ ಸಿಲಿಕೋನ್ ವಾಲ್ವ್ ಇರುತ್ತದೆ. ಕೆಲವು ಪಂಪ್‌ಗಳಲ್ಲಿ ಅದು ತೆಳ್ಳಗಿನ ಬಿಲ್ಲೆಯ ರೂಪದಲ್ಲಿರುತ್ತದೆ. ಬೆಳಕಿಗೆ ಹಿಡಿದು ತುದಿಯ ಸೀಳನ್ನು ನೋಡಿ. ಬಾಯಿ ಪೂರ್ತಿ ಮುಚ್ಚಿಕೊಂಡಿರಬೇಕು. ಸೀಳು ಸ್ವಲ್ಪ ತೆರೆದಿದ್ದರೆ, ಅಂಚು ಹರಿದಿದ್ದರೆ ಎಳೆತವೆಲ್ಲ ಅಲ್ಲೇ ಸೋರಿಹೋಗುತ್ತದೆ. ಮೋಟಾರ್ ಸದ್ದು ಮಾಡುತ್ತಲೇ ಇರುತ್ತದೆ, ಹಾಲು ಮಾತ್ರ ಬರುವುದಿಲ್ಲ. ತಿಂಗಳುಗಟ್ಟಲೆ ಬಳಸಿದ ವಾಲ್ವ್ ಸಡಿಲ ಆಗಿಯೇ ಆಗುತ್ತದೆ. ಮೋಟಾರ್‌ಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ. ಆ ಪಂಪ್‌ನ ಕಂಪನಿ, ಮಾಡೆಲ್ ನೋಡಿ ಹೊಸದನ್ನೇ ತರಿಸಿ.

ಹಾಗೆಯೇ ಹಾಲು ತಾಗುವ ಉಳಿದ ಭಾಗಗಳನ್ನೂ ಹೊಸದಾಗಿ ಕೊಂಡುಕೊಳ್ಳಿ. ಇನ್ನು ಮೋಟಾರ್. ಕೆಲವು ಪಂಪ್‌ಗಳಲ್ಲಿ ಹಾಲು ಮೋಟಾರ್ ಕಡೆಗೆ ಹೋಗದಂತೆ ನಡುವೆ ಒಂದು ಸಿಲಿಕೋನ್ ಪೊರೆ ಇರುತ್ತದೆ. ಕ್ಲೋಸ್ಡ್ ಸಿಸ್ಟಮ್ ಅನ್ನುವುದು ಇದಕ್ಕೇ. ನಾದಿನಿಯ ಪಂಪ್ ಅಂಥದ್ದಾಗಿದ್ದರೆ ತೊಂದರೆ ಕಡಿಮೆ. ಪೊರೆ ಇಲ್ಲದಿದ್ದರೆ ಅವರ ಹಾಲಿನ ಹನಿ ಟ್ಯೂಬಿನ ಮೂಲಕ ಒಳಗೆ ಹೋಗಿ ಬೂಸ್ಟು ಹಿಡಿದಿರಬಹುದು. ಅದನ್ನು ತೊಳೆಯಲು ಆಗುವುದಿಲ್ಲ. ಅಂಥ ಪಂಪನ್ನು ಪ್ರೀತಿಯಿಂದಲೇ ವಾಪಸ್ ಕೊಟ್ಟುಬಿಡಿ.

ಎದೆಗೆ ಹಿಡಿಯುವ ಕೊಳವೆಯಂಥ ಭಾಗಕ್ಕೆ ಫ್ಲಾಂಜ್ ಅನ್ನುತ್ತಾರೆ. ಅದರ ಅಳತೆ ನಾದಿನಿಗೆ ಸರಿಹೋದದ್ದು ನಿಮಗೂ ಆಗಬೇಕು ಅಂತೇನಿಲ್ಲ. ಪಂಪ್ ಜೊತೆ ಸಾಮಾನ್ಯವಾಗಿ ಬರುವುದು 24 ಮಿಲಿಮೀಟರಿನದು. ತುಂಬಾ ಜನಕ್ಕೆ ಇದು ದೊಡ್ಡದಾಗುತ್ತದೆ, ಕೆಲವರಿಗೆ ಚಿಕ್ಕದು. ನಿಮ್ಮ ತೊಟ್ಟಿನ ಅಗಲವನ್ನು ಸ್ಕೇಲಿನಲ್ಲಿ ಅಳೆದು 2ರಿಂದ 4 ಮಿಲಿಮೀಟರ್ ಸೇರಿಸಿ. ಪಂಪ್ ಎಳೆಯುವಾಗ ತೊಟ್ಟು ಕೊಳವೆಯೊಳಗೆ ಸರಾಗವಾಗಿ ಹಿಂದೆ ಮುಂದೆ ಆಡಬೇಕು. ಗೋಡೆಗೆ ಉಜ್ಜುತ್ತಿದ್ದರೆ ಚಿಕ್ಕದಾಯಿತು, ಸುತ್ತಲಿನ ಕಪ್ಪು ಭಾಗವೆಲ್ಲ ಒಳಗೆ ಎಳೆದುಕೊಂಡರೆ ದೊಡ್ಡದಾಯಿತು. ನೋವು ಬರಲೇಬಾರದು. ಜೋರಾಗಿ ಎಳೆದರೆ ಜಾಸ್ತಿ ಹಾಲು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನೋವಾದರೆ ದೇಹ ಹಾಲು ಬಿಡುವುದನ್ನೇ ತಡೆಹಿಡಿಯುತ್ತದೆ.

ಹಳ್ಳಿ ಮನೆಯಲ್ಲಿ ಹಸು ಕರೆಯುವುದನ್ನು ನೋಡಿದ್ದೀರಾ? ಕರುವನ್ನು ಬಿಟ್ಟು ನಾಲ್ಕು ಸಲ ಗುದ್ದಿಸಿದ ಮೇಲೆ ಹಸು ಸೊರ ಬಿಡುತ್ತದೆ, ಅಂದರೆ ಹಾಲು ಇಳಿಸುತ್ತದೆ. ಹೊಸಬರು ಬಂದು ಕೈ ಹಾಕಿದರೆ ಕೆಚ್ಚಲು ತುಂಬಿದ್ದರೂ ಹಾಲು ಬಿಡುವುದಿಲ್ಲ. ನಮ್ಮದೂ ಅದೇ ಲೆಕ್ಕ. ಹಾಲು ಇಳಿಯಬೇಕಾದರೆ ಮಿದುಳಿನಿಂದ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಹೊರಡಬೇಕು. ಮಗುವಿನ ಬಾಯಿ, ಮೈಬಿಸಿ, ವಾಸನೆ, ಅಳು ಇದಕ್ಕೆಲ್ಲ ಅದು ತಾನಾಗಿ ಹೊರಡುತ್ತದೆ. ಗುರ್ ಅನ್ನುವ ಯಂತ್ರಕ್ಕೆ ಹೊರಡಲು ಅದಕ್ಕೆ ಅಭ್ಯಾಸ ಬೇಕು. ಗಾಬರಿ, ಅವಸರ, ಯಾರಾದರೂ ಒಳಗೆ ಬಂದಾರು ಅನ್ನುವ ಸಂಕೋಚ, ಎಲ್ಲವೂ ಅದನ್ನು ತಡೆಯುತ್ತವೆ. ಹಾಗಾಗಿ ಬಾಗಿಲು ಹಾಕಿಕೊಂಡು, ಬೆನ್ನಿಗೆ ದಿಂಬು ಕೊಟ್ಟು ಕೂತುಕೊಳ್ಳಿ. ಭುಜ ಸಡಿಲ ಬಿಡಿ. ಒಂದು ಲೋಟ ನೀರು ಕುಡಿಯಿರಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಎರಡು ನಿಮಿಷ ಇಟ್ಟು, ಬೆರಳ ತುದಿಯಿಂದ ಮೆತ್ತಗೆ ನೇವರಿಸಿ. ಆಮೇಲೆ ಪಂಪ್ ಹಚ್ಚಿ. ಮೊದಲು ಬೇಗ ಬೇಗ, ಹಗುರವಾಗಿ ಎಳೆಯುವ ಮೋಡ್. ಒಂದೆರಡು ನಿಮಿಷಕ್ಕೆ ಹನಿ ಹನಿ ಬೀಳುವುದು ಧಾರೆಯಾಗುತ್ತದೆ. ಆಗ ನಿಧಾನವಾದ, ಆಳದ ಮೋಡ್‌ಗೆ ಬದಲಿಸಿ. ಎಳೆತವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ, ಇರಿಸುಮುರಿಸು ಅನ್ನಿಸಿದ ಕೂಡಲೇ ಒಂದು ಮೆಟ್ಟಿಲು ಇಳಿಸಿ. ಅದೇ ನಿಮ್ಮ ಅಳತೆ. ಒಂದು ಕಡೆಗೆ ಹತ್ತು ಹದಿನೈದು ನಿಮಿಷ ಸಾಕು.

ಬಾಟಲಿಯನ್ನು ನೋಡುತ್ತಾ ಕೂರಬೇಡಿ. ನಾನು ತಾಯಂದಿರಿಗೆ ಬಾಟಲಿಗೆ ಮಗುವಿನ ಕಾಲುಚೀಲ ಹಾಕಲು ಹೇಳುತ್ತೇನೆ. ಎಷ್ಟು ಬಂತು ಅಂತ ಕಾಣದಿದ್ದರೆ ಮನಸ್ಸು ಬೇರೆ ಕಡೆ ಹೋಗುತ್ತದೆ, ಹಾಲು ತನ್ನ ಪಾಡಿಗೆ ಇಳಿಯುತ್ತದೆ. ಆಫೀಸಿನಲ್ಲಿ ಮಗನ ವಿಡಿಯೊ ನೋಡಿ, ಅವನು ಮಲಗಿದ್ದ ಬಟ್ಟೆಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ.

ಪಂಪ್ ಇದ್ದರೂ ಕೈಯಲ್ಲಿ ಹಾಲು ಹಿಂಡುವುದನ್ನು ಕಲಿಯಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಇದನ್ನು ನಾನು ಕಲಿತದ್ದು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ. ಮಗು ಒಳಗೆ ಗಾಜಿನ ಪೆಟ್ಟಿಗೆಯಲ್ಲಿ, ತಾಯಿ ಹೊರಗೆ ಬೆಂಚಿನ ಮೇಲೆ. ಕೈಯಲ್ಲಿ ಒಂದು ಸ್ಟೀಲ್ ಚಮಚ. ಹೆಬ್ಬೆರಳನ್ನು ತೊಟ್ಟಿನಿಂದ ಸುಮಾರು ಮೂರು ಸೆಂಟಿಮೀಟರ್ ಮೇಲೆ, ತೋರುಬೆರಳು ಮತ್ತು ನಡುಬೆರಳನ್ನು ಅಷ್ಟೇ ಕೆಳಗೆ ಇಡುತ್ತಿದ್ದಳು. ಮೊದಲು ಎದೆಗೂಡಿನ ಕಡೆಗೆ ಹಿಂದಕ್ಕೆ ಒತ್ತು. ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಸೇರುವ ಹಾಗೆ ಅದುಮು. ಆಮೇಲೆ ಬಿಡು. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನು ಎಳೆಯಬಾರದು. ಹತ್ತು ಸಲ ಏನೂ ಇಲ್ಲ. ಹನ್ನೊಂದನೆಯ ಸಲಕ್ಕೆ ಜೇನಿನ ಬಣ್ಣದ ಒಂದು ಮಂದ ಹನಿ ತೊಟ್ಟಿನ ತುದಿಯಲ್ಲಿ ನಿಂತಿತು. ಚಮಚವನ್ನು ಅದಕ್ಕೆ ತಾಗಿಸಿದಳು. ಅರ್ಧ ಗಂಟೆಗೆ ಅರ್ಧ ಚಮಚ ಗಿಣ್ಣು ಹಾಲು ಆಯಿತು. ನರ್ಸ್ ಅದನ್ನು ಸಿರಿಂಜಿಗೆ ಎಳೆದುಕೊಂಡು ಒಳಗೆ ಹೋದರು. ಅವಳು ಖಾಲಿ ಚಮಚ ಹಿಡಿದು ಬಾಗಿಲನ್ನೇ ನೋಡುತ್ತಾ ಕೂತಿದ್ದಳು. ಅಂಥ ತಾಯಂದಿರು ಹೆರಿಗೆಯಾದ ಮೊದಲ ಗಂಟೆಗಳಿಂದಲೇ ಶುರು ಮಾಡಿ, ದಿನಕ್ಕೆ ಎಂಟು ಹತ್ತು ಸಲ, ರಾತ್ರಿಯೂ ಎದ್ದು ಹಿಂಡಬೇಕು. ನಿಮಗೆ ಅಷ್ಟು ಕಷ್ಟ ಇಲ್ಲ. ಆದರೆ ಕರೆಂಟ್ ಹೋದಾಗ, ಪಂಪ್ ಮರೆತು ಬಂದಾಗ, ಬಸ್ಸಿನಲ್ಲಿ ಎದೆ ಕಲ್ಲಿನ ಹಾಗೆ ಆದಾಗ ಈ ವಿದ್ಯೆ ಬೇಕಾಗುತ್ತದೆ. ಪಂಪ್ ಮಾಡುವಾಗಲೂ ಇನ್ನೊಂದು ಕೈಯಿಂದ ಎದೆಯನ್ನು ಮೆತ್ತಗೆ ಅದುಮುತ್ತಿದ್ದರೆ, ಕೊನೆಯಲ್ಲಿ ಎರಡು ನಿಮಿಷ ಕೈಯಲ್ಲಿ ಹಿಂಡಿದರೆ ಹಾಲು ಜಾಸ್ತಿ ಬರುತ್ತದೆ.

ಈಗ ಎಷ್ಟು ಬೇಕು ಅನ್ನುವ ಲೆಕ್ಕ. ಒಂದು ತಿಂಗಳಿಂದ ಆರು ತಿಂಗಳವರೆಗಿನ, ಬರೀ ಎದೆಹಾಲು ಕುಡಿಯುವ ಮಗು ದಿನಕ್ಕೆ ಸರಾಸರಿ 750 ಮಿಲಿ ಕುಡಿಯುತ್ತದೆ. ಕೆಲವು ಮಕ್ಕಳು ಕಡಿಮೆ, ಕೆಲವು ಜಾಸ್ತಿ. 24 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 30 ಮಿಲಿ. ನೀವು ಹತ್ತು ಗಂಟೆ ಹೊರಗಿರುತ್ತೀರಿ, ಅಂದರೆ 300 ಮಿಲಿ. ಕೈತಪ್ಪಿ ಚೆಲ್ಲುವುದಕ್ಕೆ, ಒಂದು ದಿನ ಜಾಸ್ತಿ ಹಸಿವಾಗುವುದಕ್ಕೆ ಇನ್ನೊಂದು 60 ಮಿಲಿ ಸೇರಿಸಿ. ಅಷ್ಟೇ. ಮೊಬೈಲಿನಲ್ಲಿ ಫ್ರೀಜರ್ ತುಂಬಾ ಹಾಲಿನ ಪ್ಯಾಕೆಟ್ ಜೋಡಿಸಿಟ್ಟ ಫೋಟೊಗಳನ್ನು ನೀವೂ ನೋಡಿರುತ್ತೀರಿ. ಅದು ಯಾರಿಗೂ ಬೇಕಿಲ್ಲ. ನಿಮಗೆ ಬೇಕಾದದ್ದು ಮೊದಲ ದಿನದ ಹಾಲು ಮತ್ತು ಒಂದು ದಿನದ ಆಪದ್ಧನ. ಮೊದಲ ದಿನ ಆಫೀಸಿನಲ್ಲಿ ಹಿಂಡಿದ ಹಾಲು ಎರಡನೇ ದಿನಕ್ಕೆ, ಎರಡನೇ ದಿನದ್ದು ಮೂರನೇ ದಿನಕ್ಕೆ. ಹೀಗೆ ಇವತ್ತಿನದು ನಾಳೆಗೆ ಅಂತ ಸಾಗಿದರೆ ಸಾಕು. ಶುಕ್ರವಾರದ್ದು ಸೋಮವಾರಕ್ಕೆ ಫ್ರಿಜ್ಜಿನಲ್ಲೇ ಕೆಡದೆ ಇರುತ್ತದೆ. ಕೆಲಸಕ್ಕೆ ಸೇರಿ ಇನ್ನೊಂದು ತಿಂಗಳು ಕಳೆದರೆ ಮಗನಿಗೆ ಆರು ತಿಂಗಳು ತುಂಬಿ ರಾಗಿ ಸರಿ ಶುರುವಾಗುತ್ತದೆ. ಆಮೇಲೆ ನಿಮ್ಮ ಮೇಲಿನ ಒತ್ತಡ ಇನ್ನೂ ಇಳಿಯುತ್ತದೆ.

ಶುರು ಮಾಡುವುದು ಹೀಗೆ. ಈ ವಾರ ದಿನಕ್ಕೆ ಒಂದೇ ಸಲ, ಬೆಳಗ್ಗೆ. ರಾತ್ರಿ ಹೊತ್ತು ಹಾಲು ತಯಾರಾಗುವುದು ಜಾಸ್ತಿ, ಹಾಗಾಗಿ ಬೆಳಗ್ಗೆ ಎದೆ ತುಂಬಿರುತ್ತದೆ. ಮಗ ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆ ಪಂಪ್ ಹಿಡಿಯಿರಿ. ಅವನೇ ಸೊರ ಬಿಡಿಸಿಕೊಡುತ್ತಾನೆ, ನಿಮಗೆ ಕೆಲಸ ಸಲೀಸು. ಆಗದಿದ್ದರೆ ಅವನು ಕುಡಿದ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಮಾಡಿ. ದಿನಾ ಅದೇ ಹೊತ್ತಿಗೆ ಮಾಡಿದರೆ ನಾಲ್ಕೈದು ದಿನದಲ್ಲಿ ದೇಹಕ್ಕೆ ಇಲ್ಲೊಂದು ಹೆಚ್ಚಿನ ಗಿರಾಕಿ ಇದೆ ಅಂತ ಗೊತ್ತಾಗುತ್ತದೆ. ಎದೆ ಖಾಲಿ ಆದಷ್ಟೂ ಹಾಲು ತಯಾರಾಗುತ್ತದೆ, ತುಂಬಿಕೊಂಡೇ ಇದ್ದರೆ ತಯಾರಿ ನಿಲ್ಲುತ್ತದೆ. ಇಷ್ಟೇ ಇದರ ಗುಟ್ಟು. ಮೂರನೇ ವಾರದಿಂದ ಸಂಜೆಯೂ ಒಂದು ಸಲ ಸೇರಿಸಿ.

ಅತ್ತೆಯವರ ಮಾತಿಗೆ ಬರುತ್ತೇನೆ. ದಯವಿಟ್ಟು ಅವರ ಜೊತೆ ವಾದಕ್ಕೆ ಇಳಿಯಬೇಡಿ, ಅವರ ಭಯಕ್ಕೂ ಒಂದು ಕಾರಣ ಇದೆ. ನಮ್ಮ ಮನೆಗಳಲ್ಲಿ ಹಾಲು ಬಂದ ತಕ್ಷಣ ಒಲೆಯ ಮೇಲೆ ಇಡುವುದು ರೂಢಿ. ಕೊಟ್ಟಿಗೆಯಿಂದ ಪಾತ್ರೆಗೆ, ಪಾತ್ರೆಯಿಂದ ಕ್ಯಾನಿಗೆ, ನಾಲ್ಕು ಕೈ ದಾಟಿ ಬಂದ ಹಾಲನ್ನು ಕಾಯಿಸಲೇಬೇಕು. ಮಕ್ಕಳನ್ನು ಉಳಿಸಿದ ರೂಢಿ ಅದು. ಆದರೆ ಇದು ನಿಮ್ಮ ಎದೆಯಿಂದ ತೊಳೆದ ಬಾಟಲಿಗೆ, ಅಲ್ಲಿಂದ ನಿಮ್ಮದೇ ಮಗುವಿನ ಬಾಯಿಗೆ ಹೋಗುವ ಹಾಲು. ಇದರಲ್ಲಿ ಜೀವಂತ ಕಣಗಳಿವೆ, ಸೋಂಕಿನ ವಿರುದ್ಧ ಕೆಲಸ ಮಾಡುವ ಅಂಶಗಳಿವೆ. ಕುದಿಸಿದರೆ ಅವು ಹಾಳಾಗುತ್ತವೆ. ಗಾಳಿ ಸೋಕಿದರೆ ಏನೂ ಆಗುವುದಿಲ್ಲ, ಕೆಡಿಸುವುದು ಕೊಳೆ ಕೈ ಮತ್ತು ಸೆಖೆ. ಅತ್ತೆಯವರಿಗೆ ಹೇಳುವಾಗ "ಕಾಯಿಸಬೇಡಿ" ಅಂತ ಶುರು ಮಾಡಬೇಡಿ. "ಅತ್ತೆ, ಇದನ್ನು ನೀವೇ ನೋಡಿಕೊಳ್ಳಬೇಕು, ಹೇಗೆ ಅಂತ ತೋರಿಸ್ತೀನಿ" ಅನ್ನಿ. ಮೊಮ್ಮಗನನ್ನು ಹತ್ತು ಗಂಟೆ ಸಾಕುವವರು ಅವರು. ಲಸಿಕೆಗೆ ಹೋದಾಗ ಅವರನ್ನೂ ಕರೆದುಕೊಂಡು ಹೋಗಿ ಡಾಕ್ಟರ ಹತ್ತಿರವೇ ಕೇಳಿಸಿ. ಎಷ್ಟೋ ಮನೆಯಲ್ಲಿ ಇದು ಕೆಲಸ ಮಾಡಿದ್ದನ್ನು ನಾನು ಕಂಡಿದ್ದೇನೆ.

ಹಾಲು ಎಷ್ಟು ಹೊತ್ತು ಇರುತ್ತದೆ? 25 ಡಿಗ್ರಿಯವರೆಗಿನ ತಂಪಾದ ಕೋಣೆಯಲ್ಲಿ 4 ಗಂಟೆ. ಏಪ್ರಿಲ್ ಸೆಖೆಯಲ್ಲಿ, ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಅಷ್ಟು ಹೊತ್ತು ನಂಬಬೇಡಿ. ಹಿಂಡಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಫ್ರಿಜ್ಜಿನಲ್ಲಿ, ಅಂದರೆ 4 ಡಿಗ್ರಿಯಲ್ಲಿ, 4 ದಿನ. ಬೇರೆ ಬಾಗಿಲಿರುವ, ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ 6 ತಿಂಗಳವರೆಗೆ ಚೆನ್ನಾಗಿರುತ್ತದೆ. ನಿಮ್ಮದು ಸಿಂಗಲ್ ಡೋರ್. ಅದರ ಮೇಲಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಿರುವುದಿಲ್ಲ, ಬಾಗಿಲು ತೆಗೆದಾಗೆಲ್ಲ ಬಿಸಿಗಾಳಿ ನುಗ್ಗುತ್ತದೆ. ಅಲ್ಲಿ ಎರಡು ವಾರಕ್ಕಿಂತ ಜಾಸ್ತಿ ಇಡಬೇಡಿ. ಹಾಗಾಗಿಯೇ ಹೇಳಿದ್ದು, ಈಗಿನಿಂದಲೇ ಕೂಡಿಡುವ ಆಸೆ ಬೇಡ. ಕೆಲಸಕ್ಕೆ ಹೋಗುವ ಹಿಂದಿನ ಹತ್ತು ದಿನಗಳ ಹಾಲು ಕೂಡಿಟ್ಟರೆ ಸಾಕು. ಅದಕ್ಕೂ ಮುಂಚಿನದನ್ನು ಅತ್ತೆಯವರು ಮಗುವಿಗೆ ಕುಡಿಸಿ ಅಭ್ಯಾಸ ಮಾಡಲಿ.

ಫ್ರಿಜ್ಜಿನಲ್ಲಿ ಹಾಲಿಗೆ ಒಂದು ಜಾಗ ಗೊತ್ತುಮಾಡಿ. ಬಾಗಿಲಿನ ಅರೆ ಬೇಡವೇ ಬೇಡ, ಬಾಗಿಲು ತೆಗೆದು ಮುಚ್ಚಿ ಮಾಡುವುದರಿಂದ ಅಲ್ಲಿ ಬಿಸಿ ಜಾಸ್ತಿ. ಮೇಲಿನ ಅರೆಯಲ್ಲಿ, ತೀರಾ ಹಿಂದಕ್ಕೆ, ಮುಚ್ಚಳ ಇರುವ ಒಂದು ಡಬ್ಬಿ ಇಟ್ಟು ಅದರೊಳಗೆ ಹಾಲಿನ ಬಾಟಲಿಗಳನ್ನು ಇಡಿ. ನಿನ್ನೆಯ ಸಾರು, ಮೊಸರು, ಹಸಿ ತರಕಾರಿ ಅದಕ್ಕೆ ತಾಗದಿರಲಿ. ಗಾಜಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಬಾಟಲಿ, ಇಲ್ಲವೇ ಎದೆಹಾಲಿಗೆಂದೇ ಬರುವ ಚೀಲ ಬಳಸಿ. ಒಂದು ದಿನಕ್ಕೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯೂ ಆದೀತು. ಒಂದೊಂದರಲ್ಲಿ 60 ಮಿಲಿಯಷ್ಟೇ ತುಂಬಿ. ಮಗು ಬಾಯಿ ಹಾಕಿ ಬಿಟ್ಟ ಹಾಲನ್ನು 2 ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಅಷ್ಟು ಕಷ್ಟಪಟ್ಟು ಹಿಂಡಿದ್ದನ್ನು ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ. ಸಣ್ಣ ಸಣ್ಣ ಪಾಲು ಮಾಡಿಟ್ಟರೆ ನಷ್ಟವೂ ಸಣ್ಣದು. ಫ್ರೀಜ್ ಮಾಡುವಾಗ ಮೇಲೆ ಒಂದಿಂಚು ಜಾಗ ಬಿಡಿ, ಹಾಲು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ. ತಾರೀಕು ಬರೆದು ಅಂಟಿಸಿ. ಹಳೆಯದನ್ನು ಮೊದಲು ಬಳಸಿ. ಹೊಸದಾಗಿ ಹಿಂಡಿದ ಬೆಚ್ಚಗಿನ ಹಾಲನ್ನು ತಣ್ಣಗಿರುವುದರ ಮೇಲೆ ಸುರಿಯಬೇಡಿ. ಅದೂ ಫ್ರಿಜ್ಜಿನಲ್ಲಿ ತಣ್ಣಗಾದ ಮೇಲೆ ಎರಡನ್ನೂ ಸೇರಿಸಿ.

ಮಾರನೇ ದಿನ ಬೆಳಗ್ಗೆ ನೋಡಿದರೆ ಬಾಟಲಿಯಲ್ಲಿ ಎರಡು ಪದರ ಕಾಣುತ್ತದೆ. ಮೇಲೆ ಹಳದಿ ಕೆನೆ, ಕೆಳಗೆ ನೀಲಿ ಮಿಶ್ರಿತ ನೀರಿನಂಥ ಹಾಲು. ಅತ್ತೆಯವರು "ಒಡೆದುಹೋಯ್ತು" ಅನ್ನುವುದು ಈ ಕ್ಷಣದಲ್ಲೇ. ಒಡೆದಿಲ್ಲ, ಕೆನೆ ಕಟ್ಟಿದೆ ಅಷ್ಟೇ. ಬಾಟಲಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಸುತ್ತ ತಿರುಗಿಸಿದರೆ ಮತ್ತೆ ಬೆರೆಯುತ್ತದೆ. ಮಗುವಿಗೆ ತೂಕ ಬರುವುದು ಆ ಕೆನೆಯಿಂದಲೇ, ಬಾಟಲಿಯ ಗೋಡೆಗೆ ಅಂಟಿದ್ದನ್ನೂ ಬಿಡಬೇಡಿ.

ಕೊಡುವ ಮೊದಲು ಬಾಟಲಿಯನ್ನು ಬಿಸಿನೀರಿನ ಬಟ್ಟಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು. ಒಲೆ ಬೇಡ, ಮೈಕ್ರೋವೇವ್ ಅಂತೂ ಬೇಡವೇ ಬೇಡ. ಅದರಲ್ಲಿ ಹಾಲು ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಸುಡುವಷ್ಟು ಬಿಸಿ ಆಗುತ್ತದೆ. ಮಣಿಕಟ್ಟಿನ ಒಳಗೆ ಒಂದು ಹನಿ ಹಾಕಿ ನೋಡಿ, ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸಬೇಕು. ಫ್ರೀಜರಿನ ಹಾಲನ್ನು ಹಿಂದಿನ ರಾತ್ರಿಯೇ ಕೆಳಗಿನ ಅರೆಗೆ ಇಳಿಸಿ. ಪೂರ್ತಿ ಕರಗಿದ ಮೇಲೆ ಫ್ರಿಜ್ಜಿನಲ್ಲೇ ಇಟ್ಟು 24 ಗಂಟೆಯೊಳಗೆ ಬಳಸಿ. ಮತ್ತೆ ಫ್ರೀಜ್ ಮಾಡಬೇಡಿ. ಕರಗಿದ ಹಾಲಿಗೆ ಕೆಲವೊಮ್ಮೆ ಸೋಪಿನಂಥ ವಾಸನೆ ಬರುತ್ತದೆ. ಹಾಲಿನಲ್ಲೇ ಇರುವ ಲೈಪೇಸ್ ಅನ್ನುವ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಹಾಗಾಗುತ್ತದೆ. ಹಾಲು ಕೆಟ್ಟಿರುವುದಿಲ್ಲ. ಆದರೆ ಕೆಲವು ಮಕ್ಕಳು ಮೂತಿ ತಿರುಗಿಸುತ್ತವೆ. ಅದಕ್ಕೇ ಈಗಲೇ ಒಂದು ಪುಟ್ಟ ಪ್ಯಾಕೆಟ್ ಫ್ರೀಜ್ ಮಾಡಿ ವಾರ ಬಿಟ್ಟು ಕುಡಿಸಿ ನೋಡಿ. ಕುಡಿಯಲಿಲ್ಲ ಅಂದರೆ ನೀವು ಫ್ರಿಜ್ಜಿನ ನಾಲ್ಕು ದಿನದ ಲೆಕ್ಕದಲ್ಲೇ ಸಾಗಬೇಕು ಅಂತಾಯಿತು.

ಕರೆಂಟ್ ಹೋದಾಗ ಮಾಡಬೇಕಾದ ಮೊದಲ ಕೆಲಸ ಏನೂ ಮಾಡದಿರುವುದು. ಫ್ರಿಜ್ಜಿನ ಬಾಗಿಲು ತೆಗೆಯದಿದ್ದರೆ ಸುಮಾರು ನಾಲ್ಕು ಗಂಟೆ ಒಳಗೆ ತಂಪು ಉಳಿಯುತ್ತದೆ. ಅದಕ್ಕಿಂತ ಜಾಸ್ತಿ ಆಗುವ ಹಾಗಿದ್ದರೆ ಐಸ್ ಪ್ಯಾಕ್ ಇರುವ ಚೀಲಕ್ಕೆ ವರ್ಗಾಯಿಸಿ. ಫ್ರೀಜರಿನ ಹಾಲಿನಲ್ಲಿ ಇನ್ನೂ ಐಸಿನ ಹರಳು ಕಾಣುತ್ತಿದ್ದರೆ ಅದು ಕರಗಿಲ್ಲ ಅಂತಲೇ ಲೆಕ್ಕ, ಮತ್ತೆ ಫ್ರೀಜ್ ಆಗಲು ಬಿಡಬಹುದು.

ಶುಚಿತ್ವದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಪ್ರತಿ ಸಲ ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಪಂಪಿನ ಭಾಗಗಳನ್ನು ಎಲ್ಲರ ತಟ್ಟೆ ಲೋಟ ತೊಳೆಯುವ ಸಿಂಕಿನಲ್ಲಿ ಹಾಕಬೇಡಿ, ಅದೇ ಸ್ಕ್ರಬ್ಬರಿನಲ್ಲಿ ಉಜ್ಜಬೇಡಿ. ಇದಕ್ಕೇ ಅಂತ ಒಂದು ಬೇಸಿನ್, ಒಂದು ಬ್ರಷ್ ಇಡಿ. ಮೊದಲು ತಣ್ಣೀರಲ್ಲಿ ಜಾಲಾಡಿ, ಆಮೇಲೆ ಸೋಪು ಬಿಸಿನೀರು. ದಿನಕ್ಕೊಮ್ಮೆ ಐದು ನಿಮಿಷ ಕುದಿಸಿ. ಒರೆಸಬೇಡಿ. ಶುಭ್ರವಾದ ಬಟ್ಟೆಯ ಮೇಲೆ ಬೋರಲು ಹಾಕಿ ತಾನಾಗಿ ಒಣಗಲು ಬಿಡಿ. ಆಫೀಸಿಗೆ ಎರಡನೇ ಜೊತೆ ಇದ್ದರೆ ತಲೆನೋವು ಅರ್ಧ ಕಡಿಮೆ.

ಆಫೀಸಿನ ವಿಷಯ. ರಜೆ ಮುಗಿಯುವ ಮೊದಲೇ ಒಂದು ದಿನ ಎಚ್‌ಆರ್ ಹತ್ತಿರ ಹೋಗಿ ಮಾತಾಡಿ ಬನ್ನಿ. ಉಪಕಾರ ಕೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ ಆಯಿತಲ್ಲ, ಅದೇ ತಿದ್ದುಪಡಿ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಲು ಬಿಡಬೇಕು ಅಂದಿತು. ಇದಲ್ಲದೆ ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕಾನೂನಿನಲ್ಲೇ ಇದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವು ಹಾಗೇ ಉಳಿದಿವೆ. ನೀವು ಕೇಳಬೇಕಾದದ್ದು ಚಿಲಕ ಇರುವ ಒಂದು ಕೋಣೆ, ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್. ಟಾಯ್ಲೆಟ್ ತೋರಿಸಿದರೆ ಒಪ್ಪಬೇಡಿ. ನನ್ನ ಮೊದಲ ಮಗುವಿನ ಕಾಲದಲ್ಲಿ ನಾನು ಕೆಲಸದ ಜಾಗದ ಟಾಯ್ಲೆಟ್ಟಿನಲ್ಲಿ ನಿಂತು ಹಿಂಡಿ ಚೆಲ್ಲುತ್ತಿದ್ದೆ. ಮೂರು ವಾರಕ್ಕೆ ಹಾಲು ಇಳಿದುಹೋಯಿತು. ಯಾರನ್ನೂ ಏನೂ ಕೇಳಲಿಲ್ಲ, ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಮಗುವಿನ ಊಟ ತಯಾರಾಗುವುದು ಅಡುಗೆಮನೆಯಷ್ಟು ಚೊಕ್ಕಟವಾದ ಜಾಗದಲ್ಲಿ ಅಲ್ವಾ? ಅದನ್ನೇ ಹೇಳಿ.

ಬೆಳಗ್ಗೆ ಹೊರಡುವ ಮುಂಚೆ ಮಗನಿಗೆ ಹೊಟ್ಟೆ ತುಂಬಾ ಕುಡಿಸಿ. ಆಫೀಸಿನಲ್ಲಿ ಹನ್ನೊಂದಕ್ಕೆ, ಊಟದ ಹೊತ್ತಿಗೆ, ನಾಲ್ಕೂವರೆಗೆ, ಹೀಗೆ ಮೂರು ಸಲ ಹಿಂಡಿ. ಒಂದೊಂದು ಸಲಕ್ಕೆ ನೂರು ಮಿಲಿ ಆಸುಪಾಸು ಬಂದರೆ ಲೆಕ್ಕ ಸರಿಹೋಯಿತು. ಮಗು ಹತ್ತಿರ ಇಲ್ಲದಿರುವುದರಿಂದ ಅಲ್ಲಿ ಎದೆ ತುಂಬಿರುತ್ತದೆ, ಮನೆಯ 20 ಮಿಲಿಯ ಕತೆ ಅಲ್ಲಿರುವುದಿಲ್ಲ. ಹಾಲನ್ನು ಬಟ್ಟೆ ಚೀಲದಲ್ಲಿ ಸುತ್ತಿ ಆಫೀಸಿನ ಫ್ರಿಜ್ಜಿನಲ್ಲಿ ಇಡಿ. ಫ್ರಿಜ್ ಇಲ್ಲದಿದ್ದರೆ ಐಸ್ ಪ್ಯಾಕ್ ಹಾಕಿದ ಕೂಲರ್ ಚೀಲದಲ್ಲಿ 24 ಗಂಟೆಯವರೆಗೆ ಇರುತ್ತದೆ. ಅದೂ ಇಲ್ಲವಾ? ಅಗಲ ಬಾಯಿಯ ಥರ್ಮಾಸಿಗೆ ಐಸ್ ತುಂಬಿ ಅದರೊಳಗೆ ಬಾಟಲಿ ಇಳಿಸಿ. ಮನೆಗೆ ಬರುವವರೆಗೆ ಐಸ್ ಕರಗದೆ ಉಳಿದಿದ್ದರೆ ಸಾಕು. ಸಂಜೆ, ರಾತ್ರಿ, ರಜಾ ದಿನಗಳಲ್ಲಿ ನೇರ ಎದೆಗೇ ಹಾಕಿಕೊಳ್ಳಿ. ಹಾಲನ್ನು ಉಳಿಸುವುದು ಅದೇ.

ಎದೆ ಕಟ್ಟಿಕೊಂಡು ನೋವಾದರೆ ಜೋರಾಗಿ ತಿಕ್ಕಬೇಡಿ. ಗಂಟನ್ನು ಒಡೆಯಬೇಕು ಅಂತ ಎಣ್ಣೆ ಹಚ್ಚಿ ಉಜ್ಜುವುದು ನಮ್ಮಲ್ಲಿ ಇದೆ, ಅದರಿಂದ ಒಳಗಿನ ಊತ ಜಾಸ್ತಿಯಾಗುತ್ತದೆ. ಹಗುರಾಗುವಷ್ಟು ಹಿಂಡಿ, ತಣ್ಣೀರ ಬಟ್ಟೆ ಇಡಿ. ಕೆಂಪಗಾಗಿ, ಜ್ವರ, ಚಳಿ ಬಂದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ.

ಪೌಡರ್ ಹಾಲಿನ ಬಗ್ಗೆ ಕೇಳಿದ್ದೀರಿ. ನಿಮ್ಮ ಪತ್ರದಲ್ಲಿ ಅದಕ್ಕೆ ಕಾರಣ ಯಾವುದೂ ನನಗೆ ಕಾಣಲಿಲ್ಲ. ಎಲ್ಲ ಮಾಡಿಯೂ ಮುಂದೆ ಸಾಲದೆ ಬಂದರೆ ಆಗ ಮಕ್ಕಳ ಡಾಕ್ಟರನ್ನು ಕೇಳಿ ಸ್ವಲ್ಪ ಸೇರಿಸಬಹುದು. ಅದು ಸೋಲಲ್ಲ, ಉಳಿದ ಎದೆಹಾಲಿನ ಬೆಲೆ ಅದರಿಂದ ಕಡಿಮೆಯಾಗುವುದೂ ಇಲ್ಲ. ಆದರೆ ಅದು ಈಗಿನ ಮಾತಲ್ಲ. ಹಾಗೆಯೇ ನಿಮಗೆ ಹಾಲು ಜಾಸ್ತಿ ಆದರೆ ಅಕ್ಕಪಕ್ಕದ ಮಗುವಿಗೆ ಹಾಗೇ ಕೊಡಬೇಡಿ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ತಾಯಿ ಹಾಲಿನ ಬ್ಯಾಂಕ್ ಇದೆ. ದಾನ ಮಾಡುವ ತಾಯಿಯ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಪಾಶ್ಚರೀಕರಿಸಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಕೊಡುವುದು ಇಂಥ ಬ್ಯಾಂಕ್‌ಗಳ ಪದ್ಧತಿ. ಬೇರೆಯವರ ಮಗುವಿಗೆ ಹೋಗುವ ಹಾಲಾದ್ದರಿಂದ ಅಲ್ಲಿ ಬಿಸಿ ಮಾಡಲೇಬೇಕು.

ಕೊನೆಯದಾಗಿ, ಕುಡಿಸುವುದು ಯಾವುದರಲ್ಲಿ? ನಿಮ್ಮ ಮನೆಯಲ್ಲಿ ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿ ಇರುವ ಪುಟ್ಟ ಬಟ್ಟಲು, ಇದೆಯಾ ಕೇಳಿ. ನಿಮ್ಮ ಯಜಮಾನರಿಗೆ ಅತ್ತೆಯವರು ಬಹುಶಃ ಅದರಲ್ಲೇ ಕುಡಿಸಿರುತ್ತಾರೆ, ಅಟ್ಟದ ಮೇಲೆ ಎಲ್ಲೋ ಇದ್ದೀತು. ಬಾಟಲಿ ನಿಪ್ಪಲ್ಲಿಗಿಂತ ಒಳಲೆ ತೊಳೆಯುವುದು ಸುಲಭ, ಸುಮ್ನೆ ಹಾಲು ಬಾಯಿಗೆ ಬಂದು ಬೀಳುವ ಅಭ್ಯಾಸ ಆಗಿ ಮಗು ಎದೆ ಬಿಡುವ ಭಯವೂ ಇಲ್ಲ. ಐದು ತಿಂಗಳ ಮಗು ಪುಟ್ಟ ಲೋಟದಲ್ಲೂ ಕುಡಿಯುತ್ತದೆ. ಮಗುವನ್ನು ಮಲಗಿಸಿ ಸುರಿಯಬಾರದು. ನೆಟ್ಟಗೆ ಕೂರಿಸಿಕೊಂಡು ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಅವನೇ ನಾಲಿಗೆ ಚಾಚಿ ಎಳೆದುಕೊಳ್ಳುವವರೆಗೆ ಕಾಯಬೇಕು. ತಾಯಿ ಎದುರಿಗಿದ್ದರೆ ಮಕ್ಕಳು ಇದಕ್ಕೆ ಒಪ್ಪುವುದಿಲ್ಲ. ಈ ಭಾನುವಾರ ಅತ್ತೆಯವರ ಕೈಗೆ 30 ಮಿಲಿ ಕೊಟ್ಟು, ನೀವು ಅರ್ಧ ಗಂಟೆ ಅಂಗಡಿಗೆ ಹೋಗಿ ಬನ್ನಿ. ಮೊದಲ ದಿನ ಅರ್ಧ ಬಟ್ಟೆಯ ಮೇಲೆ ಚೆಲ್ಲುತ್ತದೆ. ನಾಲ್ಕನೇ ದಿನಕ್ಕೆ ಅಜ್ಜಿ ಮೊಮ್ಮಗ ಇಬ್ಬರಿಗೂ ಹದ ಸಿಕ್ಕಿರುತ್ತದೆ. ಕೆಲಸಕ್ಕೆ ಸೇರುವುದನ್ನು ಸೋಮವಾರದ ಬದಲು ಗುರುವಾರಕ್ಕೆ ಇಟ್ಟುಕೊಳ್ಳಲು ಆಗುತ್ತದಾ ಕೇಳಿ ನೋಡಿ. ಎರಡು ದಿನ ಹೋಗಿ ಬಂದು, ಶನಿವಾರ ಭಾನುವಾರ ಮಗನ ಜೊತೆಗಿದ್ದು, ಏನು ಸರಿಹೋಗಲಿಲ್ಲವೋ ಅದನ್ನು ನನಗೆ ಬರೆಯಿರಿ.